ತಕ್ಕಡಿ ಹಿಡಿದವರೂ ಅವರೇ, ತಟ್ಟೆಯಲ್ಲಿ ಕೂತವರೂ ಅವರೇ: ನಿಂಬಾಳದ ರಾನಡೆ

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರೈಲು ದಾರಿಯಲ್ಲಿ ನಿಂಬಾಳ ಅಂತ ಒಂದು ಸಣ್ಣ ಸ್ಟೇಷನ್ ಇದೆ. ಕೆಲವು ವರ್ಷದ ಹಿಂದೆ ಪ್ಯಾಸೆಂಜರ್ ಗಾಡಿಯಲ್ಲಿ ಹೋಗುವಾಗ ನನ್ನ ಎದುರಿಗೆ ವಯಸ್ಸಾದ ಒಬ್ಬರು ಕೂತಿದ್ದರು. ತಲೆಗೆ ಬಿಳಿ ರುಮಾಲು, ತೊಡೆಯ ಮೇಲೆ ಬಟ್ಟೆ ಚೀಲ. ಚೀಲದ ಬಾಯಿಂದ ಒಂದು ಜೊತೆ ತಾಳ ಇಣುಕುತ್ತಿತ್ತು. ನಿಂಬಾಳದ ಆಶ್ರಮಕ್ಕೆ ಭಜನೆಗೆ ಹೊರಟಿದ್ದರು. ನಾನು ಸುಮ್ನೆ ಮಾತಿಗೆ ಎಳೆದೆ.

“ಕಾಕಾ, ಅಲ್ಲಿ ರಾನಡೆಯವರು ಇದ್ರಲ್ಲ, ಅವರು ಏನ್ ಕಲಸ್ತಿದ್ರು ರೀ?”

“ಭಾಳ ಓದಿದವರಪಾ ಅವರು. ಎಲ್ಲಾ ಧರ್ಮ ತಕ್ಕಡ್ಯಾಗ ಇಟ್ಟು ತೂಗಿ ನೋಡ್ಯಾರ.”

“ಯಾವ್ದು ಜಾಸ್ತಿ ತೂಗಿತಂತ ರೀ?”

ಕಾಕಾ ನಕ್ಕರು. “ಅದನ್ನ ಮಾತ್ರ ಹೇಳಿಲ್ಲ ನೋಡು.”

ತೌಲನಿಕ ಧರ್ಮ ಅಧ್ಯಯನ ಅಂದರೇನು ಅಂತ ಕಾಲೇಜಿನಲ್ಲಿ ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹೆಸರೇ ಎದೆ ನಡುಗಿಸುವ ಹಾಗಿದೆ. ಬಿಡಿಸಿದರೆ ಒಳಗೆ ಇರುವುದು ಕಾಕಾ ಹೇಳಿದ ತಕ್ಕಡಿಯೇ. ತುಲಾ ಅಂದರೆ ತಕ್ಕಡಿ. ತುಲಾಭಾರದಲ್ಲಿ ಇರುವುದೂ ಅದೇ, ತುಲನೆಯಲ್ಲಿ ಇರುವುದೂ ಅದೇ. ಎಪಿಎಂಸಿಯಲ್ಲಿ ತೊಗರಿ ತೂಗುವುದು ದರ ಹಚ್ಚಲಿಕ್ಕೆ. ಈ ಶಾಸ್ತ್ರದಲ್ಲಿ ತೂಗುತ್ತಾರೆ, ದರ ಹಚ್ಚುವುದಿಲ್ಲ. ಒಂದು ತಟ್ಟೆಯಲ್ಲಿ ಇದನ್ನು ಇಟ್ಟು, ಇನ್ನೊಂದರಲ್ಲಿ ಅದನ್ನು ಇಟ್ಟು, ಮುಳ್ಳು ಎಲ್ಲಿ ನಿಲ್ಲುತ್ತೆ, ಯಾಕೆ ಅಲ್ಲೇ ನಿಲ್ಲುತ್ತೆ ಅಂತ ನೋಡುತ್ತಾರೆ. ಹೇಳಲಿಕ್ಕೆ ಸುಲಭ. ಮಾಡಲಿಕ್ಕೆ ಹೋದರೆ ಕೈ ತಾನಾಗೇ ಒಂದು ಕಡೆ ಒತ್ತುತ್ತದೆ.

ಈ ಶಾಸ್ತ್ರಕ್ಕೆ ಯುರೋಪಿನಲ್ಲಿ ಅಡಿಪಾಯ ಹಾಕಿದವರಲ್ಲಿ ದೊಡ್ಡ ಹೆಸರು ಮ್ಯಾಕ್ಸ್ ಮುಲ್ಲರ್. 1870ರಲ್ಲಿ ಲಂಡನ್ನಿನಲ್ಲಿ ಭಾಷಣ ಕೊಡುವಾಗ ಅವನು ಒಂದು ಮಾತು ಹೇಳಿದ. ಒಂದನ್ನೇ ಬಲ್ಲವನು ಒಂದನ್ನೂ ಬಲ್ಲವನಲ್ಲ. ಮೂಲದಲ್ಲಿ ಅದು ಜರ್ಮನ್ ಕವಿ ಗಯಟೆ ಭಾಷೆಗಳ ಬಗ್ಗೆ ಆಡಿದ ಮಾತು. ಮುಲ್ಲರ್ ಅದನ್ನು ಧರ್ಮಕ್ಕೆ ತಂದು ಅಂಟಿಸಿದ. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಮರಾಠಿ ಕೇಳುತ್ತಾ ಬೆಳೆದ ಹುಡುಗನಿಗೆ ಕನ್ನಡದಲ್ಲಿ ‘ನಾವು’ ಒಂದೇ ಇದೆ, ಮರಾಠಿಯಲ್ಲಿ ಕೇಳುವವನನ್ನು ಸೇರಿಸಿಕೊಂಡ ‘ಆಪಣ’, ಸೇರಿಸಿಕೊಳ್ಳದ ‘ಆಮ್ಹಿ’ ಅಂತ ಎರಡಿವೆ ಅನ್ನುವುದು ಆಟ ಆಡುವಾಗಲೇ ಗೊತ್ತಾಗಿರುತ್ತದೆ. ಬರೀ ಕನ್ನಡ ಕೇಳಿದವನಿಗೆ ತನ್ನ ‘ನಾವು’ ಎಷ್ಟು ಅಗಲ ಇದೆ ಅಂತ ಹೊಳೆಯುವುದೇ ಇಲ್ಲ. ಧರ್ಮದಲ್ಲೂ ಹಾಗೇ. ಪಕ್ಕದ್ದನ್ನು ನೋಡಿದಾಗಲೇ ನಮ್ಮದು ಕಣ್ಣಿಗೆ ಬೀಳುವುದು.

ಮುಲ್ಲರ್ ನೇತೃತ್ವದಲ್ಲಿ ಪೂರ್ವದ ಪವಿತ್ರ ಗ್ರಂಥಗಳ ಇಂಗ್ಲಿಷ್ ಅನುವಾದ 50 ಸಂಪುಟಗಳಲ್ಲಿ ಬಂತು. 1879ರಲ್ಲಿ ಶುರುವಾಗಿ, ಅವನು ಸತ್ತ ಮೇಲೆ 1910ಕ್ಕೆ ಮುಗಿಯಿತು. ವೇದ ಅಚ್ಚು ಹಾಕಿಸಿದ ಈ ಪುಣ್ಯಾತ್ಮ ಭಾರತಕ್ಕೆ ಒಮ್ಮೆಯೂ ಬರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ತಪ್ಪು ಅಂತ ಹೇಳುತ್ತಿಲ್ಲ. ಅವನ ತಕ್ಕಡಿಯಲ್ಲಿ ಇದ್ದುದು ಪುಸ್ತಕಗಳು ಅನ್ನುವುದಷ್ಟೇ ನನ್ನ ಮಾತು.

ರಾನಡೆಯವರದು ಬೇರೆ ಕಥೆ.

ರಾಮಚಂದ್ರ ದತ್ತಾತ್ರೇಯ ರಾನಡೆ ಹುಟ್ಟಿದ್ದು 1886ರ ಜುಲೈ 3ರಂದು, ಜಮಖಂಡಿಯಲ್ಲಿ. ಈಗ ಬಾಗಲಕೋಟೆ ಜಿಲ್ಲೆ. ಆಗ ಪಟವರ್ಧನ ಮನೆತನದ ಸಂಸ್ಥಾನ. ಮನೆಮಾತು ಮರಾಠಿ, ಊರ ಮಾತು ಕನ್ನಡ, ಶಾಲೆಯಲ್ಲಿ ಸಂಸ್ಕೃತ, ಇಂಗ್ಲಿಷ್. 1901ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಆಯಿತು. ಮುಂದೆ ಪುಣೆಯ ಡೆಕ್ಕನ್ ಕಾಲೇಜು. ಅಲ್ಲಿ ಮೊದಲು ಹಿಡಿದದ್ದು ಗಣಿತ. ಹೌದು, ಗಣಿತ! ತತ್ವಶಾಸ್ತ್ರದಲ್ಲಿ ಎಂ.ಎ. ಆಗುವ ಹೊತ್ತಿಗೆ 1914 ಬಂದಿತ್ತು. ನಡುವೆ ಜೋರು ಕಾಯಿಲೆ. ದೇಹ ಅವರಿಗೆ ಯಾವತ್ತೂ ಸರಿಯಾಗಿ ಸಾಥ್ ಕೊಡಲಿಲ್ಲ. ಆಮೇಲೆ ಪುಣೆಯ ಫರ್ಗ್ಯುಸನ್ ಕಾಲೇಜು, ಸಾಂಗಲಿಯ ವಿಲಿಂಗ್ಡನ್ ಕಾಲೇಜು. 1920ರ ದಶಕದ ಕೊನೆಯಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದಿಂದ ಕರೆ ಬಂತು. ಅಲ್ಲಿ ಕುಲಪತಿಯಾಗಿದ್ದ ಗಂಗಾನಾಥ ಝಾ ಸ್ವತಃ ಸಂಸ್ಕೃತದ ದೊಡ್ಡ ಪಂಡಿತರು. 1946ರಲ್ಲಿ ನಿವೃತ್ತಿ ಆಗುವವರೆಗೂ ರಾನಡೆ ಅಲ್ಲೇ ಪಾಠ ಹೇಳಿದರು. ತಾವೂ ಕುಲಪತಿ ಕುರ್ಚಿಯಲ್ಲಿ ಕೂತು ಎದ್ದರು. ರಜೆ ಬಂದರೆ ಗಂಗೆಯ ದಂಡೆ ಬಿಟ್ಟು ಈ ಎರೆಭೂಮಿಗೆ, ಜೋಳದ ಹೊಲದ ನಡುವಿನ ನಿಂಬಾಳಕ್ಕೆ ಬರುತ್ತಿದ್ದರು. 1957ರ ಜೂನ್ 6ರಂದು ಪ್ರಾಣ ಬಿಟ್ಟದ್ದೂ ನಿಂಬಾಳದಲ್ಲೇ. ಆಶ್ರಮದ ವಿಳಾಸದಲ್ಲಿ ಇವತ್ತಿಗೂ ‘ನಿಂಬಾಳ ಆರ್.ಎಸ್.’ ಅಂತ ಬರೆಯುತ್ತಾರೆ. ಆರ್.ಎಸ್. ಅಂದರೆ ಯಾವ ಬಿರುದೂ ಅಲ್ಲ, ರೈಲ್ವೆ ಸ್ಟೇಷನ್.

ಇಷ್ಟು ಬದುಕು. ಈಗ ಕೆಲಸ.

ಅವರ ಹೆಸರು ಮಾಡಿದ ಮೊದಲ ಪುಸ್ತಕ ಉಪನಿಷತ್ತುಗಳ ಮೇಲಿನದು. 1926ರಲ್ಲಿ ಪುಣೆಯಿಂದ ಇಂಗ್ಲಿಷಿನಲ್ಲಿ ಬಂತು. ಆ ಕಾಲ ನೋಡಿ. ಸುರೇಂದ್ರನಾಥ ದಾಸಗುಪ್ತರ ಭಾರತೀಯ ದರ್ಶನ ಚರಿತ್ರೆಯ ಮೊದಲ ಸಂಪುಟ 1922ರಲ್ಲಿ, ರಾಧಾಕೃಷ್ಣನ್ ಅವರದು 1923ರಲ್ಲಿ. ನಾಲ್ಕೈದು ವರ್ಷದ ಅಂತರದಲ್ಲಿ ಮೂವರೂ ಬಂದು ನಿಂತರು. ರಾನಡೆಯವರ ಪುಸ್ತಕದಲ್ಲಿ ಗ್ರೀಕರು ಪುಟಪುಟಕ್ಕೂ ಇಣುಕುತ್ತಾರೆ. ಅವರಿಗೆ ಪ್ಲೇಟೊ, ಹೆರಾಕ್ಲಿಟಸ್ ಅಂದರೆ ಜೀವ. ಹೆರಾಕ್ಲಿಟಸ್ ಬಗ್ಗೆ ತರುಣರಿದ್ದಾಗಲೇ ಬರೆದಿದ್ದರು.

ಅವರು ಹೇಗೆ ತೂಗುತ್ತಾರೆ ಅಂತ ತಿಳಿಯಬೇಕಾದರೆ ಒಂದೇ ಒಂದು ಉದಾಹರಣೆ ಹತ್ತಿರದಿಂದ ನೋಡಿದರೆ ಸಾಕು. ನನಗೆ ಇಷ್ಟವಾದದ್ದು ಗಾಡಿಯ ರೈಕ್ವ.

ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿ ಅಂತ ಒಬ್ಬ ದೊರೆ ಬರುತ್ತಾನೆ. ಊರೂರಿಗೆ ಛತ್ರ ಕಟ್ಟಿಸಿ, ಎಲ್ಲರೂ ನನ್ನ ಅನ್ನ ಉಣ್ಣಲಿ ಅಂದವನು. ಒಂದು ರಾತ್ರಿ ಅವನ ತಲೆ ಮೇಲೆ ಹಂಸಗಳು ಹಾರಿ ಹೋಗುತ್ತವೆ. ಒಂದು ಹಂಸ, ಈ ದೊರೆಯ ತೇಜಸ್ಸು ಆಕಾಶದವರೆಗೆ ಹಬ್ಬಿದೆ, ಮುಟ್ಟಿ ಸುಟ್ಟುಕೊಂಡೀಯಾ ಅನ್ನುತ್ತದೆ. ಇನ್ನೊಂದು, ಇವನೇನು ಮಹಾ, ಗಾಡಿಯ ರೈಕ್ವನೇನು ಇವನು ಅನ್ನುತ್ತದೆ. ದೊರೆಗೆ ನಿದ್ದೆ ಹತ್ತಲಿಲ್ಲ. ಬೆಳಗಾದ ಮೇಲೆ ಹುಡುಕಿಸಿದ. ಸಿಕ್ಕವನು ಯಾರು? ಗಾಡಿಯ ಕೆಳಗೆ ಕೂತು ಮೈಮೇಲಿನ ಕಜ್ಜಿ ಕೆರೆದುಕೊಳ್ಳುತ್ತಿದ್ದ ಒಬ್ಬ ಆಸಾಮಿ. ದೊರೆ 600 ಹಸು, ಹಾರ, ರಥ ತಂದರೆ ಅವನು ಬೈದು ಕಳಿಸಿದ. 1000 ಹಸು, ಊರು, ಮಗಳನ್ನೂ ಕೊಡುತ್ತೇನೆ ಅಂದಾಗ ಬಾಯಿ ಬಿಟ್ಟ. ಹೇಳಿದ್ದು ಇಷ್ಟು. ಬೆಂಕಿ ಆರಿದರೆ ಗಾಳಿಗೆ ಹೋಗುತ್ತದೆ. ಸೂರ್ಯ ಮುಳುಗಿದರೆ ಗಾಳಿಗೆ. ಚಂದ್ರನೂ ಅಲ್ಲಿಗೇ, ನೀರು ಆರಿದರೂ ಅಲ್ಲಿಗೇ. ಹಾಗೆಯೇ ಮೈಯಲ್ಲಿ ಮಾತು, ಕಣ್ಣು, ಕಿವಿ, ಮನಸ್ಸು ಎಲ್ಲ ನಿದ್ದೆಯಲ್ಲಿ ಉಸಿರಿನೊಳಗೆ ಹೋಗುತ್ತವೆ. ಎಲ್ಲವನ್ನೂ ಒಳಗೆ ಎಳೆದುಕೊಳ್ಳುವುದು ಗಾಳಿ.

ಈಗ ಇನ್ನೊಂದು ತಟ್ಟೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ, ಈಗಿನ ತುರ್ಕಿಯ ಕರಾವಳಿಯಲ್ಲಿದ್ದ ಮಿಲೇಟಸ್ ಅನ್ನುವ ಗ್ರೀಕ್ ಪಟ್ಟಣದಲ್ಲಿ ಅನಾಕ್ಸಿಮಿನೀಸ್ ಅಂತ ಒಬ್ಬನಿದ್ದ. ಅವನೂ ಎಲ್ಲಕ್ಕೂ ಮೂಲ ಗಾಳಿ ಅಂದ. ಗಾಳಿ ತೆಳುವಾದರೆ ಬೆಂಕಿ. ದಪ್ಪವಾಗುತ್ತಾ ಬಂದರೆ ಮೋಡ, ನೀರು, ಮಣ್ಣು, ಕಲ್ಲು.

ಇಬ್ಬರೂ ಗಾಳಿ ಅಂದರು. ಹಾಗಾದರೆ ಗ್ರೀಕರು ನಮ್ಮಿಂದ ಕದ್ದರಾ? ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಇದಕ್ಕೆ ಉತ್ತರ ಯಾವತ್ತೋ ಸಿಕ್ಕಿಬಿಟ್ಟಿದೆ! ರಾನಡೆ ಅಲ್ಲಿಗೆ ಹಾರುವುದಿಲ್ಲ. ಎರಡು ಕಡೆ ಒಂದೇ ವಿಚಾರ ಕಂಡರೆ ಮೂರು ಕಾರಣ ಇರಬಹುದು. ಒಬ್ಬರು ಇನ್ನೊಬ್ಬರಿಂದ ಕಲಿತಿರಬಹುದು. ಇಬ್ಬರಿಗೂ ಒಂದೇ ಹಳೆಯ ಬೇರು ಇರಬಹುದು. ಇಲ್ಲವೇ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಕೂತು, ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ, ಅದೇ ವಿಚಾರಕ್ಕೆ ಬಂದಿರಬಹುದು.

ಬೀಸುಕಲ್ಲನ್ನು ನೆನೆಸಿಕೊಳ್ಳಿ. ಕಾಳು ಇರುವ ಕಡೆ, ಕಲ್ಲು ಇರುವ ಕಡೆ, ಹಸಿವು ಇರುವ ಕಡೆ ಬೀಸುಕಲ್ಲು ಹುಟ್ಟುತ್ತದೆ. ತಾಳಿಕೋಟೆಯ ಬೀಸುಕಲ್ಲು ನೋಡಿ ಗ್ರೀಸಿನವರು ಮಾಡಿಕೊಂಡರು ಅಂತ ಹೇಳಬೇಕಾದರೆ ಯಾರೋ ಅದನ್ನು ಹೊತ್ತುಕೊಂಡು ಹೋದ ಗುರುತು ತೋರಿಸಬೇಕು. ಶಬ್ದಗಳ ವಿಷಯ ಬೇರೆ. ಸಂಸ್ಕೃತದ ಪಿತರ್, ಗ್ರೀಕಿನ ಪತೇರ್ ಎರಡಕ್ಕೂ ಒಂದೇ ಬೇರು ಅನ್ನುವುದಕ್ಕೆ ಭಾಷಾಶಾಸ್ತ್ರದ ಗಟ್ಟಿ ಸಾಕ್ಷಿ ಇದೆ. ವಿಚಾರಗಳಿಗೆ ಅಂಥ ಸಾಕ್ಷಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ರಾನಡೆ ಒಲಿದದ್ದು ಮೂರನೆಯ ಕಾರಣದ ಕಡೆ. ಮನುಷ್ಯನ ಬುದ್ಧಿ ಒಂದೇ ಬಗೆಯ ಪ್ರಶ್ನೆ ಎದುರಾದಾಗ ಒಂದೇ ಬಗೆಯ ಉತ್ತರ ಹುಡುಕುತ್ತದೆ ಅಂತ. ವ್ಯತ್ಯಾಸವೂ ಇದೆ ಅಲ್ವಾ? ಗಾಳಿ ಹೇಗೆ ಕಲ್ಲಾಯಿತು ಅನ್ನುವುದು ಅನಾಕ್ಸಿಮಿನೀಸನ ಚಿಂತೆ. ಕಡೆಗೆ ಎಲ್ಲ ಎಲ್ಲಿಗೆ ಹೋಗುತ್ತದೆ ಅನ್ನುವುದು ರೈಕ್ವನ ಮಾತು. ಅದರಲ್ಲೂ ಅವನ ಗಾಳಿ ಹೊರಗಿನಿಂದ ಸೀದಾ ಮೂಗಿನೊಳಗೆ ಬರುತ್ತದೆ. ಒಬ್ಬ ಜಗತ್ತನ್ನು ನೋಡುತ್ತಿದ್ದಾನೆ, ಇನ್ನೊಬ್ಬ ಜಗತ್ತು ನೋಡುತ್ತಾ ತನ್ನ ಉಸಿರನ್ನೂ ಎಣಿಸುತ್ತಿದ್ದಾನೆ. ಹೀಗೆ ಎರಡನ್ನೂ ಪಕ್ಕಕ್ಕೆ ಇಟ್ಟಾಗ ನನಗೆ ಅನಾಕ್ಸಿಮಿನೀಸನಿಗಿಂತ ರೈಕ್ವನೇ ಜಾಸ್ತಿ ಅರ್ಥವಾದ. ಮುಲ್ಲರ್ ಹೇಳಿದ್ದು ಇದನ್ನೇ ಇರಬೇಕು.

ಇಲ್ಲಿಯವರೆಗೆ ರಾನಡೆ ಬೇರೆ ಪಂಡಿತರ ಹಾಗೇ ಕಾಣುತ್ತಾರೆ. ಅವರ ದಾರಿ ಕವಲು ಒಡೆಯುವುದು ಮುಂದೆ.

ಅವರಿಗೂ ಸಂಸ್ಕೃತ ಪಂಡಿತ ಎಸ್.ಕೆ. ಬೆಳ್ವಲ್ಕರ್ ಅವರಿಗೂ ಸೇರಿ ಒಂದು ದೊಡ್ಡ ಯೋಜನೆ ಇತ್ತು. ಭಾರತೀಯ ತತ್ವಶಾಸ್ತ್ರದ ಚರಿತ್ರೆ, 16 ಸಂಪುಟ. ಎರಡನೆಯ ಸಂಪುಟ 1927ರಲ್ಲಿ ಬಂತು. ಏಳನೆಯದು 1933ರಲ್ಲಿ. ಒಂದನೆಯದು ಎಲ್ಲಿ ಅಂತ ಕೇಳಬೇಡಿ! ದೊಡ್ಡ ಯೋಜನೆಗಳ ಹಣೆಬರಹವೇ ಅಷ್ಟು. ಆದರೆ ಆ ಏಳನೆಯ ಸಂಪುಟ ಅವರೊಬ್ಬರೇ ಬರೆದದ್ದು, ಮತ್ತು ನನ್ನ ಲೆಕ್ಕದಲ್ಲಿ ಅವರ ಅತಿ ಒಳ್ಳೆಯ ಪುಸ್ತಕ. ಮಹಾರಾಷ್ಟ್ರದ ಸಂತರ ಅನುಭಾವದ ಬಗ್ಗೆ.

ಅನುಭಾವ ಅನ್ನುವ ಶಬ್ದದ ಹತ್ತಿರ ಒಂದು ನಿಮಿಷ ನಿಲ್ಲೋಣ. ಇಂಗ್ಲಿಷಿನವರು ಮಿಸ್ಟಿಸಿಸಂ ಅನ್ನುತ್ತಾರೆ. ಅದರಲ್ಲಿ ಏನೋ ಗುಟ್ಟು, ಏನೋ ಮಬ್ಬು ಇದ್ದ ಹಾಗೆ ಕೇಳುತ್ತದೆ. ಹಿಂದಿಯಲ್ಲಿ ರಹಸ್ಯವಾದ ಅನ್ನುತ್ತಾರೆ. ಅಲ್ಲೂ ಗುಟ್ಟೇ. ಕನ್ನಡದ ವಚನಕಾರರು ಬಳಸಿದ ಶಬ್ದದಲ್ಲಿ ಗುಟ್ಟಿನ ಸುಳಿವೇ ಇಲ್ಲ. ಮೆಣಸಿನಕಾಯಿ ಖಾರ ಅಂತ ಓದಿ ತಿಳಿದರೆ ಅದು ತಿಳಿವಳಿಕೆ. ಕಡಿದು ನೋಡಿದರೆ ಅನುಭವ. ಆ ಅನುಭವ ದೇವರದ್ದಾಗಿ, ಉಂಡವನನ್ನೇ ಬದಲು ಮಾಡಿದರೆ ಅದು ಅನುಭಾವ. ರಾನಡೆ ಇಂಗ್ಲಿಷಿನಲ್ಲಿ ಬರೆದರೂ ಅವರು ಹೇಳುತ್ತಿದ್ದುದು ಈ ಕನ್ನಡ ಶಬ್ದವನ್ನೇ ಅಂತ ನನಗೆ ಅನಿಸುತ್ತದೆ. ಮಧ್ಯೆ ಯಾರೂ ಇಲ್ಲದೆ, ನೇರವಾಗಿ, ತನಗೇ ಆಗುವ ದೇವರ ಅರಿವು. ಬುದ್ಧಿಗೆ ಅದು ವಿರೋಧ ಅಲ್ಲ. ಬುದ್ಧಿ, ಭಾವ, ಸಂಕಲ್ಪ ಮೂರರ ಹಿಂದೆಯೂ ಅದು ಇರುತ್ತದೆ ಅಂತ ಅವರ ಮಾತು.

ಹಾಗಾದರೆ ಯಾರಾದರೂ ಬಂದು, ನನಗೆ ದೇವರು ಕಂಡ ಅಂದರೆ ಒಪ್ಪಿಬಿಡಬೇಕಾ? ಇಲ್ಲಿ ಗಣಿತ ಓದಿದ ಮನುಷ್ಯ ಎದ್ದು ಕೂರುತ್ತಾನೆ. ರಾನಡೆ ಪರೀಕ್ಷೆ ಇಡುತ್ತಾರೆ. ಆ ಅನುಭವ ಅವನೊಬ್ಬನದೇ ಆಗಿರಬಾರದು, ಬೇರೆ ಕಾಲ, ಬೇರೆ ದೇಶದವರಿಗೂ ಅಂಥದ್ದು ಆಗಿರಬೇಕು. ಅದರಿಂದ ಬುದ್ಧಿ ಮಂಕಾಗಬಾರದು, ಚುರುಕಾಗಬೇಕು. ಭಾವ ಹದವಾಗಬೇಕು. ಎಲ್ಲಕ್ಕಿಂತ ಮುಖ್ಯ, ನಡತೆ ನೆಟ್ಟಗಾಗಬೇಕು. ದರ್ಶನ ಆಯಿತು ಅಂತ ಹೇಳಿಕೊಂಡು ಮರುದಿನ ತಮ್ಮನ ಪಾಲಿನ ಹೊಲದ ಬದು ಒತ್ತುವವನು ಈ ಪರೀಕ್ಷೆಯಲ್ಲಿ ನಪಾಸು. ಅಂಥವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿರುತ್ತೀರಿ.

ಮೊದಲನೆಯ ಪರೀಕ್ಷೆ ಗಮನಿಸಿ. ಬೇರೆಯವರಿಗೂ ಅಂಥದ್ದು ಆಗಿದೆಯಾ ಅಂತ ಗೊತ್ತಾಗಬೇಕಾದರೆ ಬೇರೆಯವರನ್ನು ಓದಲೇಬೇಕು. ತುಲನೆ ಅವರಿಗೆ ಹವ್ಯಾಸ ಆಗಿರಲಿಲ್ಲ. ಸಾಕ್ಷಿ ಕಲೆಹಾಕುವ ಕೆಲಸ ಆಗಿತ್ತು. ಕೋರ್ಟಿನಲ್ಲಿ ಒಬ್ಬರಿಗೊಬ್ಬರು ಗುರುತಿಲ್ಲದ ನಾಲ್ಕು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಜಾಸ್ತಿ. ತುಕಾರಾಮರು ದೇವರು ಕಾಣದೆ ಒದ್ದಾಡಿದ ದಿನಗಳನ್ನು ರಾನಡೆ ಸ್ಪೇನಿನ ಕ್ರೈಸ್ತ ಸಂತ ಜಾನ್ ಆಫ್ ದಿ ಕ್ರಾಸ್ ಹೇಳಿದ ‘ಆತ್ಮದ ಕತ್ತಲ ರಾತ್ರಿ’ಯ ಬೆಳಕಿನಲ್ಲಿ ನೋಡಿದರು. ದೇಹೂವಿನ ಕಿರಾಣಿ ವ್ಯಾಪಾರಿಗೂ ಸ್ಪೇನಿನ ಸನ್ಯಾಸಿಗೂ ಎತ್ತಣಿಂದೆತ್ತ ಸಂಬಂಧ? ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಆದರೂ ಇಬ್ಬರ ಗೋಳು ಒಂದೇ ಥರ ಕೇಳುತ್ತದೆ. ರಾನಡೆಗೆ ಬೇಕಾಗಿದ್ದ ಸಾಕ್ಷಿ ಇದು.

ಎಲ್ಲ ಸಂತರನ್ನೂ ಅವರು ಒಂದೇ ಚೀಲಕ್ಕೆ ತುಂಬಲಿಲ್ಲ ಅನ್ನುವುದನ್ನೂ ಹೇಳಬೇಕು. ಜ್ಞಾನೇಶ್ವರರದು ಬುದ್ಧಿಯ ಅನುಭಾವ, ನಾಮದೇವರ ಕಾಲದ್ದು ಎಲ್ಲ ಜಾತಿಯವರೂ ಕೂಡಿದ ಪ್ರಜಾ ಅನುಭಾವ, ಏಕನಾಥರದು ಸಮನ್ವಯ, ತುಕಾರಾಮರದು ತೀರಾ ವೈಯಕ್ತಿಕ, ರಾಮದಾಸರದು ಕ್ರಿಯೆಯ ಅನುಭಾವ ಅಂತ ಐದು ಬಗೆ ಮಾಡಿದರು. ಹಣೆಪಟ್ಟಿ ಹಚ್ಚಿದ್ದು ಸ್ವಲ್ಪ ಜಾಸ್ತಿ ಆಯಿತೇನೋ. ಆದರೂ ಒಂದೇ ಭಾಷೆಯ, ಒಂದೇ ನಾಡಿನ ಜನರಲ್ಲೇ ಇಷ್ಟು ಬಗೆ ಇದೆ ಅಂತ ತೋರಿಸಿದ್ದು ಸಣ್ಣ ಕೆಲಸ ಅಲ್ಲ.

ಈಗ ಶೀರ್ಷಿಕೆಯಲ್ಲಿ ಹೇಳಿದ ಮಾತಿಗೆ ಬರುತ್ತೇನೆ. ಧರ್ಮಗಳ ಅಧ್ಯಯನದಲ್ಲಿ ಇವತ್ತು ಸಾಮಾನ್ಯವಾಗಿ ಒಂದು ಅಲಿಖಿತ ನಿಯಮ ಇದೆ. ಸಂಶೋಧಕ ಹೊರಗೆ ನಿಲ್ಲಬೇಕು, ತನ್ನ ನಂಬಿಕೆಯನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಟ್ಟು ಬರಬೇಕು. ರಾನಡೆ ಆ ನಿಯಮ ಪಾಲಿಸಲಿಲ್ಲ. ಹದಿನೈದರ ವಯಸ್ಸಿನಲ್ಲಿ ತೆಗೆದುಕೊಂಡ ನಾಮವನ್ನು ಕೊನೆಯವರೆಗೂ ಜಪಿಸಿದರು. ಶ್ವೇತಾಶ್ವತರ ಉಪನಿಷತ್ತಿನಲ್ಲಿ ಯೋಗಿಗೆ ಮಂಜು, ಹೊಗೆ, ಮಿಂಚುಹುಳ, ಮಿಂಚು, ಸ್ಫಟಿಕ, ಚಂದ್ರ ಇಂಥವು ಕಾಣುತ್ತವೆ ಅಂತ ಒಂದು ಸಾಲು ಬರುತ್ತದೆ. ಬೇರೆ ಪಂಡಿತರು ಅದನ್ನು ಉಪಮೆ ಅಂತ ದಾಟಿ ಹೋಗಬಹುದು. ರಾನಡೆ ಅದನ್ನು ಬಲ್ಲವನು ಬರೆದಿಟ್ಟ ಟಿಪ್ಪಣಿ ಅಂತ ಓದುತ್ತಾರೆ. ಅಂದರೆ ತೂಗುವವರೂ ಅವರೇ, ತಟ್ಟೆಯಲ್ಲಿ ಕೂತವರೂ ಅವರೇ. ಇದು ಅವರ ಬಲ. ಇದೇ ಅವರ ತೊಡಕು ಕೂಡ.

ತೊಡಕು ಏನು ಅಂತ ಹೇಳುತ್ತೇನೆ. 1978ರಲ್ಲಿ ಸ್ಟೀವನ್ ಕಾಟ್ಜ್ ಅನ್ನುವ ಅಮೆರಿಕದ ವಿದ್ವಾಂಸರು ಅನುಭಾವದ ಅಧ್ಯಯನಕ್ಕೆ ದೊಡ್ಡ ಕಲ್ಲು ಒಗೆದರು. ಅವರ ವಾದ ಸರಳ. ಮೊದಲು ಒಂದು ಶುದ್ಧ ಅನುಭವ ಆಗಿ, ಆಮೇಲೆ ಹಿಂದೂ ಅದನ್ನು ಹಿಂದೂ ಮಾತಿನಲ್ಲಿ, ಕ್ರೈಸ್ತ ಕ್ರೈಸ್ತ ಮಾತಿನಲ್ಲಿ ಹೇಳುತ್ತಾನೆ ಅನ್ನುವುದು ತಪ್ಪು. ಅನುಭವವೇ ಅವರವರ ಕಲಿಕೆಯಿಂದ ಎರಕ ಹೊಯ್ದು ಬಂದಿರುತ್ತದೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯವರ ಕನಸಿಗೆ ಮಳೆ ಬರುತ್ತದೆ. ಅಥಣಿಯವರ ಕನಸಿನಲ್ಲಿ ಹಿಮ ಬೀಳುವುದಿಲ್ಲ. ಹಾಗೇ ಪಂಢರಪುರದವನಿಗೆ ವಿಠ್ಠಲ ಕಾಣುತ್ತಾನೆ, ಶಿಲುಬೆ ಕಾಣುವುದಿಲ್ಲ. ಅಂದಮೇಲೆ ಎಲ್ಲರಿಗೂ ಕಂಡದ್ದು ಒಂದೇ ಅಂತ ಹೇಳುವುದು ಹೇಗೆ?

ರಾನಡೆ ಆಗ ಇರಲಿಲ್ಲ, ಉತ್ತರ ಕೊಡಲಿಕ್ಕೆ. ಅವರ ಪರವಾಗಿ ಒಂದು ಮಾತು ಹೇಳಬಹುದು. ಕನಸಿನ ಚಿತ್ರ ಬೇರೆ ಇರಬಹುದು, ಕನಸು ಬೀಳುವುದು ಮಾತ್ರ ಎಲ್ಲರಿಗೂ ಒಂದೇ. ಆದರೆ ನನಗೆ ಕಾಟ್ಜ್ ಪ್ರಶ್ನೆ ಪೂರ್ತಿ ಬಿಟ್ಟು ಹೋಗುವುದಿಲ್ಲ. ಬೆಳಗಾವಿ ಜಿಲ್ಲೆಯ ತುಂಬ ಜೈನರಿದ್ದಾರೆ. ಅವರಿಗೆ ಮೋಕ್ಷ ಇದೆ, ತಪಸ್ಸು ಇದೆ, ಜಗತ್ತನ್ನು ಸೃಷ್ಟಿ ಮಾಡಿದ ದೇವರು ಇಲ್ಲ. ರಾನಡೆ ತಮ್ಮ ಕೊನೆಕಾಲದ ಪುಸ್ತಕಗಳಿಗೆ ಇಟ್ಟ ‘ದೇವರ ಕಡೆಗಿನ ದಾರಿ’ ಅನ್ನುವ ಹೆಸರಿನ ತಕ್ಕಡಿಯಲ್ಲಿ ಜೈನ ಮುನಿಯನ್ನು ಎಲ್ಲಿ ಕೂಡಿಸುತ್ತೀರಿ? ಅಷ್ಟು ದೂರ ಯಾಕೆ, ಅಲ್ಲಮನ ಬಯಲನ್ನೇ ತಗೊಳ್ಳಿ. ಬಯಲು ಅಂದರೆ ದೇವರಾ? ದೇವರೂ ಕರಗಿ ಹೋಗುವ ಜಾಗವಾ? ಅದನ್ನು ಇಂಗ್ಲಿಷಿನ ಗಾಡ್ ಅನ್ನುವ ಒಂದು ಅಕ್ಷರಕ್ಕೆ ಹೊಂದಿಸಿದರೆ ಅಲ್ಲಮ ಸುಮ್ಮನೆ ಇರುವವನಲ್ಲ. ರಾನಡೆಯವರ ಕಣ್ಣು ಹೋಲಿಕೆಯ ಕಡೆ ಬೇಗ ಓಡುತ್ತದೆ, ವ್ಯತ್ಯಾಸದ ಕಡೆ ನಿಧಾನಕ್ಕೆ ತಿರುಗುತ್ತದೆ. ಭಕ್ತನ ಕಣ್ಣು ಅದು. ಅದನ್ನು ತಿಳಿದುಕೊಂಡೇ ಅವರನ್ನು ಓದಬೇಕು ಅಂತ ನನ್ನ ಅಭಿಪ್ರಾಯ.

ಹಾಗಂತ ಅವರು ಧರ್ಮಗಳನ್ನು ಕಲಸಿಬಿಟ್ಟರು ಅಂತಲೂ ಅಲ್ಲ. ಕಲಸುವುದು ಬೇರೆ, ತೂಗುವುದು ಬೇರೆ. ಕಲಸಿದ್ದಕ್ಕೆ ಉದಾಹರಣೆ ಬೇಕಾದರೆ ವಿಜಯಪುರದಲ್ಲೇ ಇದೆ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿ ತನ್ನ ಹಾಡಿನ ಪುಸ್ತಕದಲ್ಲಿ ಸರಸ್ವತಿಯನ್ನೂ ಕಲಬುರಗಿಯ ಸೂಫಿ ಬಂದೇನವಾಜರನ್ನೂ ಒಟ್ಟಿಗೆ ನೆನೆದ. ಜನ ಅವನನ್ನು ಜಗದ್ಗುರು ಬಾದಶಹಾ ಅಂದರು. ಅವನು ಸರಸ್ವತಿಗೂ ಸೂಫಿಗೂ ಏನು ಹೋಲಿಕೆ ಅಂತ ಬರೆಯಲು ಹೋಗಲಿಲ್ಲ. ಹಾಡಿದ, ಅಷ್ಟೇ. ರಾನಡೆ ಮಾಡಿದ್ದು ಇದರ ಉಲ್ಟಾ. ಹಾಡುಗಳನ್ನು ಬೇರೆ ಬೇರೆ ಇಟ್ಟು, ಒಂದೊಂದರ ಒಳಗೂ ಇಳಿದು, ಆಮೇಲೆ ಪಕ್ಕಕ್ಕೆ ತಂದರು.

ಈ ಬುದ್ಧಿ ಅವರಿಗೆ ಪುಸ್ತಕದಿಂದಲೇ ಬಂತಾ? ಪೂರ್ತಿ ಅಲ್ಲ. ಅವರ ಗುರುಪರಂಪರೆ ನೋಡಿ. ಇಂಚಗೇರಿ ಸಂಪ್ರದಾಯ ಅಂತ ಅದಕ್ಕೆ ಹೆಸರು. ಮೂಲದಲ್ಲಿ ನಿಂಬರಗಿ ಮಹಾರಾಜರು, ಲಿಂಗಾಯತರು, ಉಪದೇಶ ಕನ್ನಡದಲ್ಲಿ. ಅದೇ ದಾರಿಯಲ್ಲಿ ಬಂದ ಭಾವೂಸಾಹೇಬರು ಬ್ರಾಹ್ಮಣರು, ದೇಶಪಾಂಡೆ ಮನೆತನ. ಅವರು ರಾಮದಾಸರ ಮರಾಠಿ ಗ್ರಂಥ ದಾಸಬೋಧ ಹಿಡಿದು ನಿರೂಪಣೆ ಮಾಡುತ್ತಿದ್ದವರು. ಅವರ ಸಮಾಧಿ ಇಂಚಗೇರಿಯಲ್ಲಿದೆ. ಆಮೇಲೆ ಜಿಗಜೇವಣಿಯ ಅಂಬುರಾವ ಮಹಾರಾಜರು, ಆಮೇಲೆ ರಾನಡೆ. ಭಾವೂಸಾಹೇಬರ ಇನ್ನೊಬ್ಬ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು. ಅವರ ಶಿಷ್ಯ ನಿಸರ್ಗದತ್ತ ಮಹಾರಾಜರು ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದವರು. ಅವರ ಮಾತು ಕೇಳಲು ಅಮೆರಿಕ, ಯುರೋಪಿನಿಂದ ಜನ ಬರುತ್ತಿದ್ದರು. ಆ ಬೀಡಿ ಅಂಗಡಿಯ ಬೇರು ಹಿಡಿದು ಬಂದರೆ ನಮ್ಮ ಇಂಚಗೇರಿಗೆ ಬಂದು ಮುಟ್ಟುತ್ತೀರಿ. ವಿಜಯಪುರದಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಗಡಿ ಅಂದರೆ ಈಗ ನಮ್ಮ ಕಡೆ ಜಗಳದ ಮಾತು. ಬಸ್ಸಿನ ಬೋರ್ಡಿಗೆ ಮಸಿ ಬಳಿಯುವ ಮಾತು. ಅದೇ ಗಡಿಯಲ್ಲಿ ರಾತ್ರಿ ಭಜನೆಗೆ ಕೂತರೆ ಅದೇ ಬಾಯಿ ಒಂದು ಕನ್ನಡ ತತ್ವಪದ ಹಾಡುತ್ತದೆ, ಬೆನ್ನಿಗೇ ಒಂದು ಮರಾಠಿ ಅಭಂಗ. ನಮ್ಮ ಮನೆಯಲ್ಲಿ ಮುತ್ಯಾ ಹಾಡುತ್ತಿದ್ದುದೂ ಹಾಗೇ. ಯಾವುದು ಯಾವ ಭಾಷೆ ಅಂತ ಚಿಕ್ಕವರಿದ್ದಾಗ ನಾವು ಕೇಳಿದವರೇ ಅಲ್ಲ. ತುಲನೆಯ ಮೊದಲ ಪಾಠ ರಾನಡೆಗೂ ಇಂಥ ರಾತ್ರಿಗಳಲ್ಲೇ ಆಗಿರಬೇಕು ಅಂತ ನನ್ನ ಊಹೆ.

ಅವರ ಹೆಸರಿನಲ್ಲಿ ಬೆಳಗಾವಿಯ ಹಿಂದವಾಡಿಯಲ್ಲಿ ಗುರುದೇವ ರಾನಡೆ ಮಂದಿರ ಇದೆ. ತೌಲನಿಕ ತತ್ವಶಾಸ್ತ್ರ ಮತ್ತು ಧರ್ಮ ಅಕಾಡೆಮಿ ಇರುವುದೂ ಅಲ್ಲೇ. 1920ರ ದಶಕದಲ್ಲಿ ಪುಣೆಯಲ್ಲಿ ಅವರು ಕಟ್ಟಿದ ಅಕಾಡೆಮಿಯ ಕನಸೇ ಇಲ್ಲಿಯೂ ಬೇರು ಬಿಟ್ಟಿತು ಅನ್ನಬಹುದು. ಇಲ್ಲಿಂದ ‘ಪಾಥ್‌ವೇ ಟು ಗಾಡ್’ ಅನ್ನುವ ಇಂಗ್ಲಿಷ್ ನಿಯತಕಾಲಿಕ ಬಂದಿದೆ, ಪುಸ್ತಕಗಳು ಬಂದಿವೆ. ಆದರೂ ಅದೇ ರಸ್ತೆಯಲ್ಲಿ ದಿನಾ ಓಡಾಡುವವರನ್ನು ಕೇಳಿದರೆ, ರಾನಡೆ ಅಂದರೆ ಯಾರೋ ಮಹಾರಾಜರು ಅಂತ ಹೇಳಿ ಮುಂದೆ ಹೋಗುತ್ತಾರೆ. ಮಹಾದೇವ ಗೋವಿಂದ ರಾನಡೆ, ಅಂದರೆ ಪುಣೆಯ ಸಮಾಜ ಸುಧಾರಕ ನ್ಯಾಯಮೂರ್ತಿ, ಅವರೇ ಇವರು ಅಂದುಕೊಂಡವರೂ ಇದ್ದಾರೆ. ಅಲ್ಲ, ಇಬ್ಬರೂ ಬೇರೆ ಬೇರೆ. 1936ರಲ್ಲಿ ರಾಧಾಕೃಷ್ಣನ್ ಮತ್ತು ಮ್ಯೂರ್‌ಹೆಡ್ ಸೇರಿ ಅಂದಿನ ಭಾರತೀಯ ಚಿಂತಕರ ಲೇಖನ ಸಂಗ್ರಹಿಸಿದಾಗ ಅದರಲ್ಲಿ ಗಾಂಧಿ, ಟಾಗೋರ್ ಜೊತೆ ಮೈಸೂರಿನ ಹಿರಿಯಣ್ಣ ಇದ್ದರು, ಜಮಖಂಡಿಯ ಈ ರಾನಡೆಯೂ ಇದ್ದರು. ಹಿರಿಯಣ್ಣನವರನ್ನು ಕನ್ನಡದವರು ನಮ್ಮವರು ಅನ್ನುತ್ತಾರೆ. ರಾನಡೆಯನ್ನು ಹಾಗೆ ಅಂದದ್ದು ಕಡಿಮೆ. ಮರಾಠಿ ಮನೆಮಾತು, ಇಂಗ್ಲಿಷ್ ಬರವಣಿಗೆ, ಅಲಹಾಬಾದ್ ನೌಕರಿ. ಯಾರ ಲೆಕ್ಕಕ್ಕೂ ಪೂರ್ತಿ ಸಿಗದೆ ಹೋದರು.

ಆದರೆ ಅವರ ಕೊನೆಕಾಲದ ಕೆಲಸದಲ್ಲಿ ಒಂದು ಕನ್ನಡದ ಬಗ್ಗೆಯೇ ಇತ್ತು. ಹಿಂದಿ ಸಂತರ ಮೇಲಿನ ಪುಸ್ತಕ 1954ರಲ್ಲಿ ಬಂದಿತ್ತು. ಅದೇ ಮಾದರಿಯಲ್ಲಿ ಕನ್ನಡದ ವಚನಕಾರರು, ದಾಸರ ಬಗ್ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕಾಗಿ ಉಪನ್ಯಾಸ ಮಾಡಿದರು. ಸಾಧನೆಯ ದಾರಿಯನ್ನು ಅವರು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸುತ್ತಾರೆ. ಮನುಷ್ಯ ದೇವರ ಕಡೆ ಯಾಕೆ ತಿರುಗುತ್ತಾನೆ, ನಡತೆ ಹೇಗೆ ಸಿದ್ಧವಾಗಬೇಕು, ದೇವರಿಗೂ ಸಂತರಿಗೂ ಏನು ನಂಟು, ನಡಿಗೆ ಎಲ್ಲಿ ಶುರು, ಶಿಖರ ಎಲ್ಲಿ. ಒಂದೊಂದು ಮೆಟ್ಟಿಲ ಮೇಲೂ ಹಾಡುಗಳನ್ನು ತಂದು ಕೂಡಿಸುತ್ತಾರೆ. ಬಸವಣ್ಣನ ಬಾಗೇವಾಡಿ ಅವರ ನಿಂಬಾಳದ ಜಿಲ್ಲೆಯಲ್ಲೇ, ಕೂಡಲಸಂಗಮ ಅವರ ಜಮಖಂಡಿಯ ಜಿಲ್ಲೆಯಲ್ಲಿ. ದೂರ ಹೋಗಿ ಗ್ರೀಸ್, ಸ್ಪೇನ್ ಎಲ್ಲ ಸುತ್ತಿದ ಮನುಷ್ಯ ಕಡೆಗೆ ಮನೆ ಹಿತ್ತಲಿಗೆ ಬಂದರು. ಪುಸ್ತಕ ಅಚ್ಚಾಗಿ ಬಂದಾಗ ಅವರು ಇರಲಿಲ್ಲ. ಅದು 1960.

ರೈಲಿನಲ್ಲಿ ನಾನು ಈ ಪುಸ್ತಕದ ವಿಷಯ ಕಾಕಾಗೆ ಹೇಳಿದ್ದೆ. ಅವರು ಚೀಲದ ಬಾಯಿ ಕಟ್ಟುತ್ತಿದ್ದರು. ನಿಂಬಾಳ ಹತ್ತಿರ ಬಂದಿತ್ತು.

“ನಮ್ಮ ಹಾಡು ಅದಾವೇನು ಅದರಾಗ?”

“ಅದಾವ ರೀ ಕಾಕಾ. ಇಂಗ್ಲಿಷಿನಾಗ ಅರ್ಥ ಬಿಡಿಸಿ ಹೇಳ್ಯಾರ.”

ಅವರು ಎದ್ದು ನಿಂತರು. ಬಾಗಿಲ ಹಿಡಿಕೆ ಹಿಡಿದು ಒಮ್ಮೆ ತಿರುಗಿ ನೋಡಿದರು.

“ಅರ್ಥ ಇರ್ಲಿ ತಮ್ಮಾ. ಹಾಡೂದು ಹೆಂಗ ಮತ್ತ?”